ಹತ್ತು ಸೆಕೆಂಡಿನ ಮೀನು, ಒಂದು ದಿನದ ಸಿದ್ಧತೆ

ಮೀನುಗಾರಿಕೆಯ ಪತ್ರಿಕೆಯೊಂದರ ಮುಖಪುಟದ ಚಿತ್ರ ಎರಡು ಕೆಲಸ ಮಾಡಬೇಕು. ಅಂಗಡಿಯಲ್ಲಿ ಹತ್ತಾರು ಪತ್ರಿಕೆಗಳ ನಡುವೆ ತೂಗುತ್ತಿರುವಾಗ ನಾಲ್ಕು ಮಾರು ದೂರದಿಂದಲೇ ಕಣ್ಣು ಸೆಳೆಯಬೇಕು. ಕೈಗೆತ್ತಿಕೊಂಡ ಮೇಲೆ ಯಾವ ನೀರು, ಯಾವ ಮೀನು, ಯಾವ ಹೊತ್ತು ಎಂಬುದನ್ನು ಸುಳ್ಳಿಲ್ಲದೆ ಹೇಳಬೇಕು. ಒಳಪುಟದ ಚಿತ್ರಕ್ಕೆ ಪಕ್ಕದ ಬರಹದ ಆಸರೆ ಇರುತ್ತದೆ. ಮುಖಪುಟದ ಚಿತ್ರಕ್ಕೆ ಆ ಆಸರೆ ಇಲ್ಲ. ಪತ್ರಿಕೆಯ ಹೆಸರು, ತಿಂಗಳು, ಬೆಲೆ, ಲೇಖನಗಳ ಶೀರ್ಷಿಕೆ ಎಲ್ಲವೂ ಅದರ ಮೈಮೇಲೆಯೇ ಕೂರುತ್ತವೆ. ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ ಚಿತ್ರದ ಮುಖ್ಯ ಪಾತ್ರಧಾರಿ ನೀರಿನ ಹೊರಗೆ ಉಸಿರಾಡಲಾರದ ಜೀವಿ. ಅದನ್ನು ನೋಯಿಸದೆ ಮತ್ತೆ ಹೊಳೆಗೆ ಬಿಡಬೇಕಾದರೆ ಛಾಯಾಗ್ರಾಹಕನಿಗೆ ಸಿಗುವುದು ಒಮ್ಮೆಗೆ ಹತ್ತು ಸೆಕೆಂಡಿನೊಳಗಿನ ಅವಕಾಶ. ಉಳಿದ ಕೆಲಸವೆಲ್ಲ ಗಾಳ ನೀರಿಗೆ ಬೀಳುವ ಮೊದಲೇ ಮುಗಿದಿರಬೇಕು.

ಎರಡು ಕಡಲಿಗೆ ಹರಿಯುವ ಊರು

ಇಂಥ ಚಿತ್ರಕ್ಕೆ ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಸೀಮೆ ಹೇಳಿ ಮಾಡಿಸಿದಂತಿದೆ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ದೋಣಿಗಾಲ್ ದಾಟಿ ಮಂಗಳೂರಿನ ಕಡೆ ಸಾಗಿದರೆ ಸಿಗುವ ಮಾರನಹಳ್ಳಿ ಶಿರಾಡಿ ಘಾಟಿಯ ಬಾಗಿಲು. ಇಲ್ಲಿಂದ ಪಡುವಣಕ್ಕೆ ಕೆಂಪುಹೊಳೆ ಕಾಡಿನ ಕೊರಕಲಿನಲ್ಲಿ ಬಂಡೆಯಿಂದ ಬಂಡೆಗೆ ಧುಮುಕುತ್ತಾ ಗುಂಡ್ಯದ ಕಡೆ ಇಳಿಯುತ್ತದೆ. ಅದರ ನೀರು ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಂದಿಗೆ ಕೂಡಿ ಅರಬ್ಬೀ ಸಮುದ್ರ ಮುಟ್ಟುತ್ತದೆ. ಮೂಡಣಕ್ಕೆ ಕೆಲವೇ ಮೈಲಿ ದೂರದಲ್ಲಿ ಸಕಲೇಶಪುರದ ಹೇಮಾವತಿ ಹರಿಯುತ್ತದೆ. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿದ ಈ ಹೊಳೆ ಗೊರೂರಿನ ಅಣೆಕಟ್ಟೆಯಲ್ಲಿ ತಂಗಿ, ಕಾವೇರಿಯೊಡನೆ ಬಂಗಾಳ ಕೊಲ್ಲಿಯ ಕಡೆ ನಡೆಯುತ್ತದೆ.

ಚಿತ್ರ ತೆಗೆಯುವವರಿಗೆ ಇದು ಬರೀ ಭೂಗೋಳದ ವಿಷಯವಲ್ಲ. ಕೆಂಪುಹೊಳೆ ಇಕ್ಕಟ್ಟಿನ, ನೆರಳಿನ, ಬಿಳಿನೊರೆಯ ಹೊಳೆ. ಅಲ್ಲಿ ಬಂಡೆ, ಪಾಚಿ, ದಟ್ಟ ಹಸಿರು ಸಿಗುತ್ತವೆ, ಆಕಾಶ ಸಿಗುವುದಿಲ್ಲ. ಹೇಮಾವತಿ ಅಗಲವಾದ, ನಿಧಾನದ ಹೊಳೆ. ಅಲ್ಲಿ ಚಳಿಗಾಲದ ಮಂಜು, ತೆರೆದ ಬಾನು, ನೀರಿನ ಮೇಲೆ ಬಾಗಿದ ಮರಗಳು ಸಿಗುತ್ತವೆ. ಇವೆರಡರ ನಡುವಿನ ಕಾಫಿ ತೋಟದ ಕೆರೆಗಳಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯಂಥ ಸಾಕಿದ ಮೀನು ಇರುತ್ತವೆ. 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಗೋಡೆಗಳಿವೆ. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಒಣನೆಲದ ಮೇಲೆ ನಿಲ್ಲುತ್ತವೆ. ಯಾವ ಚಿತ್ರಕ್ಕೆ ಯಾವ ನೀರು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ ಹೊರಟರೆ ಅರ್ಧ ಕೆಲಸ ಆದಂತೆ.

ಸತ್ತ ಮೀನಿನಿಂದ ಜೀವಂತ ಮೀನಿಗೆ

ಗಾಳದ ಬರಹಕ್ಕೂ ಈ ಘಟ್ಟಕ್ಕೂ ಹಳೆಯ ನಂಟು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ತಂದರು. ಮಹಶೀರ್ ಮೀನನ್ನು ಗಾಳದಿಂದ ಹಿಡಿಯುವ ಬಗೆಯನ್ನು ಆ ಕಾಲದ ಓದುಗರಿಗೆ ವಿವರವಾಗಿ ತಿಳಿಸಿದ ಪುಸ್ತಕ ಅದು. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಕದ ಮಹಶೀರ್ ಹಿಡಿದರು. ಆ ಕಾಲದ ಚಿತ್ರಗಳಲ್ಲಿ ಮೀನು ಸಾಮಾನ್ಯವಾಗಿ ನೇತಾಡುತ್ತಿತ್ತು, ಇಲ್ಲವೇ ನೆಲದ ಮೇಲೆ ಮಲಗಿರುತ್ತಿತ್ತು. ಹಿಡಿದವರ ಹೆಮ್ಮೆಗೆ ಅದೇ ಸಾಕ್ಷಿ.

ಕರ್ನಾಟಕದಲ್ಲಿ ಈ ನೋಟ ಬದಲಾದದ್ದು ಕಾವೇರಿಯ ದಡದಲ್ಲಿ. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಸಂಸ್ಥೆ ಹೊಳೆಯ ಕೆಲವು ಭಾಗಗಳಲ್ಲಿ ಕಾವಲು ಹಾಕಿ ಮಹಶೀರ್‌ಗಳನ್ನು ಉಳಿಸಲು ನಿಂತಿತು. ಮುಂದೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಶಿಬಿರಗಳಲ್ಲಿ ಹಿಡಿದ ಮೀನನ್ನು ಹೊಳೆಗೇ ಬಿಡುವ ಪದ್ಧತಿ ನೆಲೆಯೂರಿತು. ಮೀನನ್ನು ಮನೆಗೆ ಒಯ್ಯುವಂತಿಲ್ಲದ ಮೇಲೆ ಗಾಳಗಾರನ ಕೈಯಲ್ಲಿ ಉಳಿಯುವುದು ಚಿತ್ರ ಮಾತ್ರ. ಹೀಗೆ ಮೊಣಕಾಲುದ್ದ ನೀರಿನಲ್ಲಿ ಕೂತು, ಎರಡೂ ಕೈಯಲ್ಲಿ ಮೀನನ್ನು ಆನಿಸಿಕೊಂಡ ಭಂಗಿ ಕಾವೇರಿಯ ಗುರುತಾಗಿ ಹೊರದೇಶದ ಪತ್ರಿಕೆಗಳಿಗೂ ಹೋಯಿತು. ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ಹಾಕುವುದು 2010ರ ದಶಕದ ಆರಂಭದಲ್ಲಿ ನಿಂತಿತಾದರೂ ಆ ಭಂಗಿ ನಿಂತಿಲ್ಲ.

ಗಾಳ ಮತ್ತು ಕ್ಯಾಮೆರಾ ಎರಡನ್ನೂ ಹೆಗಲಿಗೆ ಹಾಕಿಕೊಂಡ ಕನ್ನಡದ ದೊಡ್ಡ ಹೆಸರು ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007). ಹೇಮಾವತಿ ಹುಟ್ಟುವ ಮೂಡಿಗೆರೆ ತಾಲ್ಲೂಕಿನಲ್ಲೇ ಬದುಕಿದ ಅವರು ಮೀನು ಹಿಡಿಯುವ ಹುಚ್ಚನ್ನು ಬರಹಕ್ಕೂ, ಕಾಯುವ ಸಹನೆಯನ್ನು ಹಕ್ಕಿಗಳ ಚಿತ್ರಕ್ಕೂ ತಂದರು. ಎರಡೂ ಹವ್ಯಾಸಗಳ ಬೇರು ಒಂದೇ: ನೀರಿನ ದಡದಲ್ಲಿ ಅಲುಗಾಡದೆ ಕೂತು ನೋಡುವುದು.

ಮೊದಲು ಅನುಮತಿ

ಸಾರ್ವಜನಿಕ ಹೊಳೆ, ಕೆರೆಗಳಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಕೆಂಪುಹೊಳೆಯ ಸುತ್ತ ಇರುವುದು ಮೀಸಲು ಅರಣ್ಯ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಲ್ಲಿ ಅನುಮತಿ ಇಲ್ಲದೆ ಮೀನು ಹಿಡಿಯುವಂತಿಲ್ಲ. ನೀರಿಗೆ ವಿಷ ಬೆರೆಸಿ ಅಥವಾ ಸಿಡಿಮದ್ದು ಹಾಕಿ ಮೀನು ಕೊಲ್ಲುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮಗಳ ಜೊತೆಗೆ ಅರಣ್ಯ ಇಲಾಖೆಯ ಒಪ್ಪಿಗೆಯನ್ನೂ ನೋಡಿಕೊಳ್ಳಬೇಕು. ತೋಟದ ಕೆರೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಚಿತ್ರದಲ್ಲಿ ಮುಖ ಕಾಣುವವರ ಒಪ್ಪಿಗೆಯೂ ಹಾಗೆಯೇ. ಅನುಮತಿ ಇಲ್ಲದ ಜಾಗದ ಚಿತ್ರ ಮುಖಪುಟಕ್ಕೆ ಬಂದರೆ ಅದೇ ಅಪರಾಧದ ಸಾಕ್ಷಿಯಾಗುತ್ತದೆ. ಅಷ್ಟೇ ಅಲ್ಲ, ಓದುಗರನ್ನೂ ಆ ಜಾಗಕ್ಕೆ ಕರೆದಂತಾಗುತ್ತದೆ.

ಪುಟದ ಲೆಕ್ಕ

ಮುಖಪುಟ ಉದ್ದುದ್ದದ ಪುಟ. ಹೊಳೆ ಅಡ್ಡಡ್ಡಕ್ಕೆ ಹರಿಯುತ್ತದೆ, ಮೀನೂ ಅಡ್ಡಕ್ಕೇ ಇರುತ್ತದೆ. ಈ ಎರಡನ್ನೂ ನಿಂತ ಚೌಕಟ್ಟಿಗೆ ಹೊಂದಿಸುವುದೇ ಸಂಯೋಜನೆಯ ಮೊದಲ ಸವಾಲು. ಮೇಲಿನ ಕಾಲು ಭಾಗ ಪತ್ರಿಕೆಯ ಹೆಸರಿಗೆ ಮೀಸಲು. ಕನ್ನಡದ ಹೆಸರಾದರೆ ಇನ್ನೂ ಸ್ವಲ್ಪ ಹೆಚ್ಚು ಜಾಗ ಬಿಡಬೇಕು, ಏಕೆಂದರೆ ನಮ್ಮ ಅಕ್ಷರಗಳಿಗೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಇರುತ್ತವೆ. ಒಂದು ಪಕ್ಕದಲ್ಲಿ ಲೇಖನಗಳ ಶೀರ್ಷಿಕೆಗೆ, ಕೆಳಮೂಲೆಯಲ್ಲಿ ಬಾರ್‌ಕೋಡಿಗೆ ಜಾಗ ಬೇಕು. ಈ ಜಾಗಗಳಲ್ಲಿ ಮುಖ, ಮೀನಿನ ಕಣ್ಣು, ರಾಡಿನ ತುದಿ ಬರಕೂಡದು. ಖಾಲಿ ಜಾಗವೆಂದರೆ ಬರಿದು ಎಂದಲ್ಲ. ಮಂಜು, ಮಸುಕಾದ ಕಾಡು, ಒಂದೇ ಬಣ್ಣದ ನೀರು, ಮೋಡದ ಬಾನು ಇವೆಲ್ಲ ಅಕ್ಷರಗಳನ್ನು ಹೊರಬಲ್ಲವು. ಕಾಫಿ ಗಿಡದ ಮಿರಮಿರ ಹೊಳೆಯುವ ಎಲೆ, ಬಿದಿರಿನ ಮೆಳೆ, ಬಿಸಿಲು ಚುಕ್ಕಿಯಾಗಿ ಬಿದ್ದ ದಡ ಹೊರಲಾರವು. ಅವುಗಳ ಮೇಲೆ ಬರೆದದ್ದು ಓದಿಸಿಕೊಳ್ಳುವುದಿಲ್ಲ.

ಗಾತ್ರದ ಲೆಕ್ಕವೂ ಇದೆ. ಎ4 ಪುಟ 210×297 ಮಿ.ಮೀ. ಮುದ್ರಣದ ನಂತರ ಅಂಚು ಕತ್ತರಿಸುವುದರಿಂದ ನಾಲ್ಕೂ ಕಡೆ 3 ಮಿ.ಮೀ. ಹೆಚ್ಚಿಗೆ ಬೇಕು. ಇಂಚಿಗೆ 300 ಚುಕ್ಕಿಯಂತೆ ಒಟ್ಟು ಸುಮಾರು 2551×3579 ಪಿಕ್ಸೆಲ್ ಆಗುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000×4000 ಚಿತ್ರವನ್ನು ಅಡ್ಡಕ್ಕೆ ತೆಗೆದಿದ್ದರೂ ನಡುವಿನಿಂದ 2850×4000ರ ಉದ್ದುದ್ದ ತುಂಡನ್ನು ಕತ್ತರಿಸಬಹುದು, ಪುಟಕ್ಕೆ ಸಾಕು. 12 ಮೆಗಾಪಿಕ್ಸೆಲ್ ಮೊಬೈಲಿನಲ್ಲಿ ಅಡ್ಡಕ್ಕೆ ತೆಗೆದರೆ ಎತ್ತರದಲ್ಲಿ 3000 ಪಿಕ್ಸೆಲ್ ಮಾತ್ರ ಇರುತ್ತದೆ, ಇಂಚಿಗೆ ಸುಮಾರು 250 ಚುಕ್ಕಿಯಷ್ಟು. ಅದೇ ಮೊಬೈಲನ್ನು ನೆಟ್ಟಗೆ ಹಿಡಿದರೆ 4000 ಸಿಗುತ್ತದೆ. ಕ್ಯಾಮೆರಾ ತಿರುಗಿಸಲು ಖರ್ಚಿಲ್ಲ, ಆದರೂ ಹೊಳೆಯ ದಡದಲ್ಲಿ ಹೆಚ್ಚಿನವರು ಮರೆಯುವುದು ಇದನ್ನೇ. ಪ್ರತಿ ದೃಶ್ಯವನ್ನೂ ಒಮ್ಮೆ ನೆಟ್ಟಗೆ, ಒಮ್ಮೆ ಅಡ್ಡಕ್ಕೆ, ಬೇಕಾದ್ದಕ್ಕಿಂತ ಕೊಂಚ ಸಡಿಲವಾಗಿ ತೆಗೆಯುವುದು ಒಳ್ಳೆಯ ರೂಢಿ.

ಬಣ್ಣದ ಬಗ್ಗೆಯೂ ಮೊದಲೇ ಯೋಚಿಸಬೇಕು. ಮಲೆನಾಡಿನ ಹಸಿರಿನಲ್ಲಿ ಹಸಿರು ಅಂಗಿ ಕಳೆದುಹೋಗುತ್ತದೆ. ಮಾಸಲು ಕೆಂಪು, ಅರಿಶಿನ, ಇಟ್ಟಿಗೆ ಬಣ್ಣ ಎದ್ದು ಕಾಣುತ್ತವೆ. ಅಚ್ಚ ಬಿಳಿ ಬಿಸಿಲಿನಲ್ಲಿ ಸುಟ್ಟಂತೆ ಬರುತ್ತದೆ. ದೊಡ್ಡ ಬರಹದ ಟೀ ಷರ್ಟು ಮುಖಪುಟದ ಅಕ್ಷರಗಳ ಜೊತೆ ಜಗಳಕ್ಕೆ ನಿಲ್ಲುತ್ತದೆ.

ಬೆಳಕು ಮತ್ತು ಕಾಲ

ಸಕಲೇಶಪುರದ ರೇಖಾಂಶ ಸುಮಾರು 75.8 ಡಿಗ್ರಿ, ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿಯ ಲೆಕ್ಕದಲ್ಲಿ. ಆದ್ದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12 ಗಂಟೆ 27 ನಿಮಿಷಕ್ಕೆ. ಊರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದ ಹೊತ್ತಿಗೆ ನಡುಹಗಲಿನ ಬಿಸಿಲು ನೇರ ತಲೆಯ ಮೇಲೆ ಬೀಳುತ್ತದೆ. ಟೋಪಿ ಹಾಕಿದವರ ಕಣ್ಣು ಕತ್ತಲೆ, ಮೀನಿನ ಬೆನ್ನು ಬೆಳ್ಳಗೆ ಬರುವ ಕಾಲ ಅದು. ಡಿಸೆಂಬರ್ ಕೊನೆಯಲ್ಲಿ ಸೂರ್ಯ ನಡುಹಗಲಿನಲ್ಲೂ 54 ಡಿಗ್ರಿಗಿಂತ ಮೇಲೇರುವುದಿಲ್ಲ, ಹಾಗಾಗಿ ಬೆಳಕು ಹೊತ್ತು ಏರಿದ ಮೇಲೂ ಓರೆಯಾಗಿಯೇ ಬೀಳುತ್ತದೆ. ಮಳೆ ನಿಂತು ನೀರು ತಿಳಿಯಾಗುವುದೂ ಆಗಲೇ. ಆದ್ದರಿಂದ ನವೆಂಬರ್‌ನಿಂದ ಫೆಬ್ರವರಿವರೆಗಿನ ನಾಲ್ಕು ತಿಂಗಳು ಈ ಸೀಮೆಯಲ್ಲಿ ಮುಖಪುಟದ ಚಿತ್ರಕ್ಕೆ ಅತ್ಯುತ್ತಮ ಕಾಲ.

ಹೇಮಾವತಿಯಲ್ಲಿ ಬೆಳಗ್ಗೆ ಸೂರ್ಯ ಮೂಡಿದ ಮೊದಲ ಒಂದೂವರೆ ಗಂಟೆ ಮಂಜು ನೀರಿನ ಮೇಲೆ ತೇಲುತ್ತದೆ. ಸೂರ್ಯನಿಗೆ ಎದುರಾಗಿ ನಿಂತು ತೆಗೆದರೆ ಗಾಳಗಾರ ಕಪ್ಪು ನೆರಳಿನ ಆಕೃತಿಯಾಗಿ, ಬೀಸಿದ ದಾರ ಬೆಳ್ಳಿಯ ಗೆರೆಯಾಗಿ ಬರುತ್ತದೆ. ಆಗ ಕ್ಯಾಮೆರಾ ಮಂಜಿನ ಬೆಳಕಿಗೆ ಮೋಸಹೋಗಿ ಚಿತ್ರವನ್ನು ಬೂದಿ ಮಾಡುತ್ತದೆ. ಎಕ್ಸ್‌ಪೋಷರನ್ನು ಒಂದು ಹಂತದಷ್ಟು ಏರಿಸಿದರೆ ಮಂಜು ಬಿಳಿಯಾಗುತ್ತದೆ. ಕೆಂಪುಹೊಳೆಯಲ್ಲಿ ಲೆಕ್ಕವೇ ಬೇರೆ. ಕೊರಕಲು ಆಳವಾದ್ದರಿಂದ ಬಿಸಿಲು ತಡವಾಗಿ ಇಳಿಯುತ್ತದೆ. ಇಳಿದ ಮೇಲೆ ಅರ್ಧ ಸುಡುಬಿಸಿಲು, ಅರ್ಧ ಕಪ್ಪು ನೆರಳು. ಅಲ್ಲಿಗೆ ಮೋಡ ಕವಿದ ದಿನವೇ ವಾಸಿ. ನೊರೆ ಬಿಳಿಯಾಗಿಯೂ ಪಾಚಿ ಹಸಿರಾಗಿಯೂ ಉಳಿಯುತ್ತವೆ.

ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕಾಫಿ ಹೂವರಳಿದರೆ ಕೆರೆಯ ದಡ ಬೆಳ್ಳಗಾಗುತ್ತದೆ. ಕೆಲವೇ ದಿನ ಉಳಿಯುವ ಈ ಹಿನ್ನೆಲೆ ಕಾಫಿ ಬೆಳೆಯದ ಸೀಮೆಯ ಪತ್ರಿಕೆಗೆ ಸಿಗುವಂಥದ್ದಲ್ಲ. ಜೂನ್‌ನ ಮೊದಲ ಮಳೆಗೆ ಮೀನುಗಳು ಹಳ್ಳದಿಂದ ಗದ್ದೆಗೆ ಏರುತ್ತವೆ. ಮಲೆನಾಡಿನಲ್ಲಿ ಇದನ್ನು ಹತ್ತುಮೀನು ಎನ್ನುತ್ತಾರೆ. ನೀರನ್ನು ಎದುರಿಸಿ ಚಿಮ್ಮುವ ಮೀನಿನ ನೋಟ ಬಹಳ ಚೆಂದ. ಆದರೆ ಅವು ಮೊಟ್ಟೆ ಇಡಲು ಹೊರಟ ಮೀನುಗಳು. ಅವನ್ನು ನೀರಿನಲ್ಲೇ, ದಡದಿಂದಲೇ ತೆಗೆಯಬೇಕು, ಕೈ ಹಾಕಬಾರದು.

ಲೆನ್ಸ್, ಶಟರ್, ಫಿಲ್ಟರ್

ಮೀನು ಹಿಡಿದವನ ಚಿತ್ರದಲ್ಲಿ ಮೀನು ಮುಖಕ್ಕಿಂತ ಒಂದಡಿಯಾದರೂ ಮುಂದಿರುತ್ತದೆ. ಎರಡೂ ಸ್ಪಷ್ಟವಾಗಿ ಬರಬೇಕು. ಪೂರ್ಣ ಗಾತ್ರದ ಸೆನ್ಸರ್ ಇರುವ ಕ್ಯಾಮೆರಾದಲ್ಲಿ 85 ಮಿ.ಮೀ. ಲೆನ್ಸನ್ನು ಎಫ್/2.8ಕ್ಕೆ ತೆರೆದು 3 ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 20 ಸೆಂ.ಮೀ. ಮಾತ್ರ. ಮೀನು ಸ್ಪಷ್ಟವಾದರೆ ಮುಖ ಮಸುಕು. 35 ಮಿ.ಮೀ. ಲೆನ್ಸಿನಲ್ಲಿ ಎಫ್/8 ಇಟ್ಟು 2 ಮೀಟರ್‌ಗೆ ಫೋಕಸ್ ಮಾಡಿದರೆ ಸುಮಾರು 1.4 ಮೀಟರಿನಿಂದ 3.3 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಮೀನು, ಮುಖ, ಹಿಂದಿನ ಬಂಡೆ ಮೂರೂ ಸಿಗುತ್ತವೆ. ಇನ್ನೂ ಅಗಲದ ಲೆನ್ಸ್ ಹಿಡಿದು, ಮೀನನ್ನು ಕೈಚಾಚಿ ಕ್ಯಾಮೆರಾದ ಮೂತಿಗೆ ತಂದರೆ ಎರಡು ಕೆ.ಜಿ. ಮೀನು ಹತ್ತು ಕೆ.ಜಿ.ಯಂತೆ ಕಾಣುತ್ತದೆ. ಗಾಳಗಾರ ಓದುಗರು ಬೆರಳಿನ ಗಾತ್ರ ನೋಡಿ ಇದನ್ನು ಕ್ಷಣದಲ್ಲಿ ಪತ್ತೆ ಹಚ್ಚುತ್ತಾರೆ. ಮೊಣಕೈ ಮಡಿಸಿ, ಮೈಗೆ ಹತ್ತಿರ ಹಿಡಿದ ಮೀನೇ ನಂಬಿಕೆಗೆ ಯೋಗ್ಯ.

ಶಟರ್ ವೇಗ ಹೇಳಬೇಕಾದ ಮಾತಿಗೆ ತಕ್ಕಂತಿರಬೇಕು. ಬೀಸಿದ ದಾರ ಗಾಳಿಯಲ್ಲಿ ನಿಂತಂತೆ ಕಾಣಲು ಸೆಕೆಂಡಿನ 1000ನೇ ಒಂದು ಭಾಗ, ಮೀನು ಬಾಲ ಬಡಿದಾಗ ಚಿಮ್ಮಿದ ಹನಿಗಳನ್ನು ಮುತ್ತಿನಂತೆ ಹಿಡಿಯಲು 2000ನೇ ಒಂದು ಭಾಗ ಬೇಕು. ಕೆಂಪುಹೊಳೆಯ ಧಾರೆ ಹಾಲಿನ ಎಳೆಯಂತೆ ಬರಲು ಕಾಲು ಸೆಕೆಂಡು ಸಾಕು, ಆದರೆ ಟ್ರೈಪಾಡ್ ಬೇಕು, ಗಾಳಗಾರನೂ ಅಷ್ಟು ಹೊತ್ತು ಕಲ್ಲಿನಂತೆ ನಿಂತಿರಬೇಕು.

ನೀರಿನ ಚಿತ್ರಕ್ಕೆ ಪೋಲರೈಸರ್ ಫಿಲ್ಟರಿನಷ್ಟು ನೆರವಾಗುವ ಸಲಕರಣೆ ಬೇರೆ ಇಲ್ಲ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಾಗಿ ನೋಡಿದಾಗ ಅದು ಹೊಳಪನ್ನು ಅತಿ ಹೆಚ್ಚು ಕತ್ತರಿಸುತ್ತದೆ. ಕ್ಯಾಮೆರಾ ನೀರಿಗಿಂತ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಎರಡು ಮೀಟರ್ ದೂರದ ನೀರು ಈ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ತಳದ ಕಲ್ಲು, ಮೀನಿನ ಬೆನ್ನು ಗಾಜಿನೊಳಗಿಟ್ಟಂತೆ ಕಾಣುತ್ತವೆ. ಒದ್ದೆ ಎಲೆ, ಬಂಡೆ, ಹುರುಪೆಗಳ ಹೊಳಪೂ ಇಳಿದು ನಿಜಬಣ್ಣ ಹೊರಬರುತ್ತದೆ. ಫಿಲ್ಟರು ಒಂದೂವರೆಯಿಂದ ಎರಡು ಹಂತದಷ್ಟು ಬೆಳಕು ನುಂಗುವುದರಿಂದ ಐಎಸ್ಒ ಏರಿಸಿಕೊಳ್ಳಬೇಕು. ಟೋಪಿಯ ನೆರಳಿನಲ್ಲಿ ಮುಳುಗಿದ ಮುಖಕ್ಕೆ ಸಣ್ಣ ಫ್ಲ್ಯಾಶಿನ ಬೆಳಕು ಕೊಡಬಹುದು. ಸಹಜವಾಗಿ ಕಾಣಬೇಕಾದರೆ ಅದರ ಬಲ ಒಂದು ಹಂತ ಕಡಿಮೆ ಇರಲಿ. ಮೀನಿನ ಹುರುಪೆ ಕನ್ನಡಿಯಂತೆ ಫ್ಲ್ಯಾಶನ್ನು ತಿರುಗಿಸಿ ಹೊಡೆಯುತ್ತದೆ, ಆದ್ದರಿಂದ ಬೆಳಕು ಪಕ್ಕದಿಂದ ಬರಬೇಕು. ಬಿಳಿ ಥರ್ಮಾಕೋಲಿನ ಹಲಗೆಯೊಂದನ್ನು ದಡದಲ್ಲಿ ಹಿಡಿದರೂ ಇದೇ ಕೆಲಸ ಆಗುತ್ತದೆ.

ಆ ಹತ್ತು ಸೆಕೆಂಡು

ಮೀನಿನ ಮೈಮೇಲಿನ ಲೋಳೆ ಅದರ ರಕ್ಷಾಕವಚ. ಒಣಕೈ, ಒಣಬಂಡೆ, ಒರಟು ಬಲೆ ತಾಗಿದರೆ ಲೋಳೆ ಕಿತ್ತು, ಅಲ್ಲಿಂದ ಬೂಸುರೋಗ ಹತ್ತಬಹುದು. ನೀರಿನ ಹೊರಗೆ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿ ಉಸಿರು ನಿಲ್ಲುತ್ತದೆ. ಬಾಯಿಯನ್ನಷ್ಟೇ ಹಿಡಿದು ನೇತು ಹಾಕಿದರೆ ಭಾರವೆಲ್ಲ ದವಡೆಗೂ ಬೆನ್ನೆಲುಬಿಗೂ ಬೀಳುತ್ತದೆ. ಆದ್ದರಿಂದ ಮುಳ್ಳಿಲ್ಲದ ಗಾಳ, ಗಂಟಿಲ್ಲದ ರಬ್ಬರ್ ಬಲೆ, ಒದ್ದೆ ಕೈ ಈ ಮೂರು ಇಲ್ಲದೆ ಚಿತ್ರದ ಕೆಲಸಕ್ಕೆ ಇಳಿಯಬಾರದು.

ಹೇಮಾವತಿಯ ಒಂದು ಮಗ್ಗುಲು, ಮೊಣಕಾಲುದ್ದ ನೀರು, ಬೆಳಗಿನ ಎಂಟು ಗಂಟೆ. ಮೀನು ಸಿಗುವ ಮೊದಲೇ ಛಾಯಾಗ್ರಾಹಕ ನೀರಿಗಿಳಿದು, ಗಾಳಗಾರನ ಕೈಗೆ ಮೀನಿನ ಅಳತೆಯ ಒಂದು ಮರದ ತುಂಡು ಕೊಟ್ಟು, ಬೆಳಕು, ಫೋಕಸ್, ಹಿನ್ನೆಲೆ ಮೂರನ್ನೂ ಪರೀಕ್ಷೆ ಮಾಡಿಕೊಂಡಿರುತ್ತಾನೆ. ಟೋಪಿಯ ಅಂಚು ಮೇಲೇರಿದೆ. ತಲೆಯ ಹಿಂದಿನಿಂದ ಮರದ ಕೊಂಬೆ ಕೋಡಿನಂತೆ ಎದ್ದಿಲ್ಲ. ದೂರದ ಗೆರೆ ಓರೆಯಾಗಿಲ್ಲ. ಮೀನು ಬಂದಾಗ ಅದು ಬಲೆಯೊಳಗೆ, ನೀರಿನಲ್ಲೇ ಉಳಿಯುತ್ತದೆ. ಗಾಳ ಬಿಡಿಸುವುದೂ ನೀರಿನೊಳಗೇ. ಅದು ಸುಧಾರಿಸಿಕೊಳ್ಳುವವರೆಗೆ ಇಬ್ಬರೂ ಕಾಯುತ್ತಾರೆ. ಒಂದು ಕೈ ಬಾಲದ ಬುಡದಲ್ಲಿ, ಇನ್ನೊಂದು ಎದೆಯ ಈಜುರೆಕ್ಕೆಯ ಕೆಳಗೆ; ಬೆರಳುಗಳು ಹಿಂಬದಿಗೆ, ಕಿವಿರಿನಿಂದ ದೂರ. ಛಾಯಾಗ್ರಾಹಕ ಒಂದು ಮಂಡಿಯೂರಿ ಲೆನ್ಸನ್ನು ಮೀನಿನ ಕಣ್ಣಿನ ಎತ್ತರಕ್ಕೆ ತರುತ್ತಾನೆ. “ಎತ್ತಿ” ಎಂದ ಕೂಡಲೇ ಮೀನು ನೀರಿನಿಂದ ಒಂದು ಗೇಣು ಮೇಲೇಳುತ್ತದೆ. ಹೊಟ್ಟೆಯಿಂದ ನೀರು ಸುರಿಯುವ ಆ ಮೊದಲ ಎರಡು ಸೆಕೆಂಡೇ ಚಿತ್ರ: ಬೆನ್ನಿನ ರೆಕ್ಕೆ ಬಿಚ್ಚಿದೆ, ಹುರುಪೆಯ ಅಂಚಿನಲ್ಲಿ ಚಿನ್ನದ ಗೆರೆ ಮಿನುಗುತ್ತಿದೆ, ಹಿಡಿದವನ ಕಣ್ಣು ಕ್ಯಾಮೆರಾದ ಮೇಲಲ್ಲ, ಮೀನಿನ ಮೇಲಿದೆ. ಸಾಲಾಗಿ ಐದಾರು ಚಿತ್ರ ತೆಗೆದು “ಬಿಡಿ” ಎಂದರೆ ಮೀನು ಮತ್ತೆ ನೀರಿಗೆ. ಹುರುಪೆಯ ಮೇಲೆ ಬಿಳಿ ಹೊಳಪು ಬಿದ್ದಿದ್ದರೆ ಎರಡನೇ ಸಲ ಎತ್ತುವಾಗ ಹೊಟ್ಟೆಯನ್ನು ಕೊಂಚ ಒಳಕ್ಕೆ ವಾಲಿಸಬೇಕು. ಮೂರನೇ ಸಲ ಎತ್ತದಿರುವುದು ಒಳ್ಳೆಯದು. ಎತ್ತುವವನು ತಾನೂ ಉಸಿರು ಬಿಗಿಹಿಡಿದರೆ ಮೀನಿನ ಹೊತ್ತು ಎಷ್ಟೆಂದು ಅವನ ಎದೆಯೇ ಹೇಳುತ್ತದೆ.

ಬಿಡುವಾಗಲೂ ಕ್ಯಾಮೆರಾ ಕೆಳಗಿಳಿಸಬಾರದು. ಹರಿವಿಗೆ ಮುಖಮಾಡಿ ಹಿಡಿದ ಮೀನು ಬಲ ಬಂದಾಗ ತಾನೇ ಕೈಯಿಂದ ಜಾರುತ್ತದೆ. ಎತ್ತಿ ತೋರಿಸಿದ ಚಿತ್ರಕ್ಕಿಂತ ಈ ಚಿತ್ರವೇ ಎಷ್ಟೋ ಸಲ ಮುಖಪುಟಕ್ಕೆ ಹೆಚ್ಚು ಒಪ್ಪುತ್ತದೆ: ನೀರೊಳಗೆ ಮೀನು, ನೀರಿನ ಮೇಲೆ ತೆರೆದ ಎರಡು ಅಂಗೈ, ಮೇಲ್ಭಾಗದಲ್ಲಿ ಹೆಸರಿಗೆ ಬೇಕಾದಷ್ಟು ನೀರಿನ ಜಾಗ.

ಮೀನು ಹಿಡಿಯದೆಯೂ ಮುಖಪುಟ

ಗಾಳ ಹಾಕದೆಯೂ ಮೀನಿನ ಮುಖಪುಟ ಆಗುತ್ತದೆ. ಘಟ್ಟದ ಕೆಳಗೆ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಶಿಶಿಲೇಶ್ವರ ದೇವಸ್ಥಾನದ ಮುಂದಿನ ಕಪಿಲಾ ಹೊಳೆಯಲ್ಲಿ ಮಹಶೀರ್‌ಗಳು ದೇವರ ಮೀನುಗಳಾಗಿ ಬದುಕಿವೆ. 1996ರಲ್ಲಿ ಯಾರೋ ವಿಷ ಬೆರೆಸಿದಾಗ ಅಲ್ಲಿ ಸಾವಿರಾರು ಮೀನು ಸತ್ತವು. ಆ ನೋವನ್ನು ಊರು ಇನ್ನೂ ಮರೆತಿಲ್ಲ. ಹಾಸನ ಜಿಲ್ಲೆಯಲ್ಲೇ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳಿಗೆ ದೇವಸ್ಥಾನದ ರಕ್ಷಣೆ ಇದೆ. ಇಂಥಲ್ಲಿ ಮೆಟ್ಟಿಲ ಮೇಲೆ ನಿಂತು, ಪೋಲರೈಸರ್ ತಿರುಗಿಸಿ, ಭಕ್ತರು ಹಾಕಿದ ಮಂಡಕ್ಕಿಗೆ ಮೇಲೇಳುವ ಮೀನುಗಳನ್ನು ಯಾವ ನೋವೂ ಕೊಡದೆ ತೆಗೆಯಬಹುದು.

ಮನುಷ್ಯರ ಚಿತ್ರಗಳೂ ಇವೆ. ಬಿದಿರು ಕೋಲಿಗೆ ದಾರ ಕಟ್ಟಿ, ಬೆಂಡನ್ನೇ ನೋಡುತ್ತಾ ತೋಟದ ಕೆರೆಯ ಏರಿಯ ಮೇಲೆ ಕೂತ ಹುಡುಗ. ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಬಿದಿರಿನ ಕೂಳಿ ಎತ್ತುತ್ತಿರುವ ಹಿರಿಯ. ಬೀಸುಬಲೆ ಬಾನಿನಲ್ಲಿ ದುಂಡಗೆ ಬಿಚ್ಚಿಕೊಂಡ ಕ್ಷಣ. ಬೀಸುಬಲೆಯನ್ನು ಕೆಳಗಿನಿಂದ, ಬಾನಿಗೆ ಎದುರಾಗಿ ತೆಗೆದರೆ ಅದರ ಒಂದೊಂದು ಕಣ್ಣೂ ಎಣಿಸುವಂತೆ ಕಾಣುತ್ತದೆ. ಮರದ ಹಲಗೆಯ ಮೇಲೆ ರೀಲು, ಬೆಂಡು, ಎರೆಹುಳದ ಡಬ್ಬಿ ಜೋಡಿಸಿ ಕಿಟಕಿಯ ಬೆಳಕಿನಲ್ಲಿ ತೆಗೆದ ಚಿತ್ರವೂ ಮಳೆಗಾಲದ ಸಂಚಿಕೆಗೆ ಒದಗುತ್ತದೆ.

ಸಲಕರಣೆಯ ರಕ್ಷಣೆ, ಮೈಯ ರಕ್ಷಣೆ

ಮಲೆನಾಡಿನ ತೇವ ಲೆನ್ಸಿನ ಶತ್ರು. ತಂಪು ಕಾರಿನಿಂದ ಹೊರತೆಗೆದ ಲೆನ್ಸಿನ ಮೇಲೆ ಕೂಡಲೇ ಹಬೆ ಕೂರುತ್ತದೆ. ಚೀಲದೊಳಗೇ ಅರ್ಧ ಗಂಟೆ ಇಟ್ಟು ಹೊರಗಿನ ಶಾಖಕ್ಕೆ ಹೊಂದಿಸಿಕೊಳ್ಳಬೇಕು. ಮನೆಗೆ ಬಂದ ಮೇಲೆ ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಯಲ್ಲಿಡದಿದ್ದರೆ ಒಂದೇ ಮಳೆಗಾಲದಲ್ಲಿ ಗಾಜಿನೊಳಗೆ ಬೂಸು ಹಬ್ಬುತ್ತದೆ.

ಸಕಲೇಶಪುರ, ಆಲೂರು ತೋಟಗಳಲ್ಲಿ ಆನೆಗಳ ಓಡಾಟ ದಿನನಿತ್ಯದ ಸಂಗತಿ. ಬೆಳಕು ಹರಿಯುವ ಮುನ್ನ ಹೊಳೆಯ ದಡಕ್ಕೆ ಹೊರಡುವವರು ಹಿಂದಿನ ರಾತ್ರಿಯೇ ತೋಟದವರನ್ನೂ ಅರಣ್ಯ ಇಲಾಖೆಯ ಸಿಬ್ಬಂದಿಯನ್ನೂ ವಿಚಾರಿಸಬೇಕು. ಮಂಜಿನಲ್ಲಿ ಆನೆ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಘಟ್ಟದ ಹೊಳೆಗಳಲ್ಲಿ ಮೇಲೆ ಎಲ್ಲೋ ಬಿದ್ದ ಮಳೆಗೆ, ಕಿರು ಜಲವಿದ್ಯುತ್ ಘಟಕ ಬಿಟ್ಟ ನೀರಿಗೆ ಹರಿವು ದಿಢೀರನೆ ಏರುತ್ತದೆ. ತಿಳಿನೀರು ಕೆಂಪಾದರೆ, ತರಗೆಲೆ ತೇಲಿಬಂದರೆ ಟ್ರೈಪಾಡ್ ಬಿಟ್ಟಾದರೂ ದಡ ಹತ್ತಬೇಕು. ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಯಲ್ಲಿ ಕಾರ್ಬನ್ ರಾಡ್ ಎತ್ತಿ ನಿಂತರೆ ಮಿಂಚನ್ನು ಕರೆದಂತೆ, ಏಕೆಂದರೆ ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಪಾಚಿಗಟ್ಟಿದ ಬಂಡೆಗೆ ಹಿಡಿತದ ಅಡಿಯ ಬೂಟು, ಇಂಬಳಕ್ಕೆ ಉದ್ದನೆಯ ಕಾಲುಚೀಲ, ಆಳದ ನೀರಿಗೆ ಜೀವರಕ್ಷಕ ಜಾಕೆಟ್ ಬೇಕೇ ಬೇಕು.

ಪತ್ರಿಕೆಗೆ ಕಳಿಸುವಾಗ

ಚಿತ್ರಗಳನ್ನು ರಾ ಫೈಲಿನಲ್ಲಿ ತೆಗೆದು, ತಿದ್ದಿದ ನಂತರ ಪೂರ್ಣ ಗಾತ್ರದ ಟಿಫ್ ಅಥವಾ ಉತ್ತಮ ಗುಣಮಟ್ಟದ ಜೆಪೆಗ್ ಆಗಿ ಕೊಡಬೇಕು. ಪರದೆಯ ಮೇಲೆ ಮಿಂಚುವ ಹಸಿರು, ನೀಲಿಗಳು ನಾಲ್ಕು ಬಣ್ಣದ ಮುದ್ರಣದಲ್ಲಿ ಮಂಕಾಗುತ್ತವೆ. ಕಾಡಿನ ಹಸಿರನ್ನು ಕಂಪ್ಯೂಟರಿನಲ್ಲಿ ಅತಿಯಾಗಿ ಏರಿಸಿದರೆ ಅಚ್ಚಿನಲ್ಲಿ ವಿವರವೆಲ್ಲ ಕೂಡಿಕೊಂಡು ಕಪ್ಪಾಗುತ್ತದೆ. ಕತ್ತರಿಸುವುದು, ಬೆಳಕು ಸರಿಪಡಿಸುವುದು, ಧೂಳಿನ ಚುಕ್ಕೆ ಅಳಿಸುವುದು ಸರಿ. ಮೀನನ್ನು ಹಿಗ್ಗಿಸುವುದು, ಬೇರೆ ಹೊಳೆಯನ್ನು ಹಿಂದೆ ಅಂಟಿಸುವುದು ಸರಿಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಈಗ ಛಾಯಾಚಿತ್ರದ ಹಕ್ಕು ಅದನ್ನು ತೆಗೆದವರ ಜೀವಿತಕಾಲವಿಡೀ ಮತ್ತು ಅವರು ತೀರಿಕೊಂಡ ನಂತರ 60 ವರ್ಷ ಉಳಿಯುತ್ತದೆ. ಒಂದು ಸಂಚಿಕೆಗೆ ಮಾತ್ರವೋ, ಎಲ್ಲ ಬಳಕೆಗೋ ಎಂಬುದನ್ನು ಕೊಡುವಾಗಲೇ ಬರೆದುಕೊಳ್ಳಬೇಕು.

ಕೊನೆಯ ಕೆಲಸ ಚಿತ್ರದ ವಿವರ. ಮೀನಿನ ಜಾತಿ, ನೀರಿನ ಹೆಸರು, ತಿಂಗಳು, ಹಿಡಿದು ಬಿಟ್ಟದ್ದೋ ಸಾಕಿದ ಕೆರೆಯದ್ದೋ ಎಂಬ ಮಾಹಿತಿ ಅದರಲ್ಲಿರಬೇಕು. ಜಾತಿಯ ವಿಷಯದಲ್ಲಿ ಕಾವೇರಿ ಸೀಮೆಯಲ್ಲಿ ವಿಶೇಷ ಎಚ್ಚರ ಬೇಕು. ಲೋನಾವಳದ ಮೊಟ್ಟೆಕೇಂದ್ರದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಹಿಂದಿನಿಂದಲೂ ಕಾವೇರಿಗೆ ಬಿಡಲಾಗಿದೆ. ಈ ಹೊಳೆಗೇ ಸೇರಿದ, ಬೆನ್ನುಬ್ಬಿದ, ಕಿತ್ತಳೆ ರೆಕ್ಕೆಯ ಮಹಶೀರ್ ಬೇರೆ. ಅದನ್ನು ಟಾರ್ ರೆಮಾದೇವಿ ಎಂದು ವಿಜ್ಞಾನಿಗಳು ಗುರುತಿಸಿದ್ದು 2018ರಲ್ಲಿ; ಅಳಿವಿನಂಚಿಗೆ ಅತಿ ಹತ್ತಿರದ ಪಟ್ಟಿಯಲ್ಲಿ ಅದರ ಹೆಸರಿದೆ. ರೆಕ್ಕೆಯ ಬಣ್ಣ, ಬೆನ್ನಿನ ಉಬ್ಬು ಕಾಣುವಂತೆ ತೆಗೆದ, ಹೆಸರನ್ನು ಸರಿಯಾಗಿ ಬರೆದ ಚಿತ್ರ ಆ ಮೀನು ಎಲ್ಲಿ, ಯಾವಾಗ ಬದುಕಿತ್ತು ಎಂಬುದಕ್ಕೆ ದಾಖಲೆಯೂ ಆಗುತ್ತದೆ. ಅಪರೂಪದ ಮೀನು ಸಿಕ್ಕ ಗುಂಡಿಯ ನಿಖರ ಜಾಗವನ್ನು ಮಾತ್ರ ವಿವರದಲ್ಲಿ ಬರೆಯಬಾರದು. ಹೊಳೆಯ ಹೆಸರು, ತಾಲ್ಲೂಕು ಸಾಕು. ಚಿತ್ರದ ಕಡತದೊಳಗೆ ಅಡಗಿ ಕೂತಿರುವ ಜಿಪಿಎಸ್ ಗುರುತನ್ನೂ ಕಳಿಸುವ ಮೊದಲು ತೆಗೆದುಹಾಕಬೇಕು.